ಕಸದ ಲಾರಿಗೆ ಅಡ್ಡ ನಿಂತ ಸಿಯೋಕ್‌ಹಾ

ಮದುವೆಯಾಗದೆ ಸತ್ತ ಹೆಣ್ಣಿಗೆ ತವರಿನ ಪಿತೃಪೀಠದಲ್ಲಿ, ಅಂದರೆ ಮನೆಯ ಸತ್ತವರ ಹೆಸರು ಬರೆದಿಟ್ಟು ಧೂಪ ಹಾಕುವ ಪೀಠದಲ್ಲಿ, ಜಾಗವಿಲ್ಲ. ತೈಪೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣತಮ್ಮಂದಿರು ಪದ್ಧತಿ ಎಂದು ಕೈತೊಳೆದುಕೊಳ್ಳುತ್ತಾರೆ, ನಾವು ತಲೆಯಾಡಿಸುತ್ತೇವೆ.

ಬಾಂಕಾ ಬಡಾವಣೆಯ ಗುಡಿಯ ಎದುರಿನ ಹಳೆಯ ಚೌಕದಲ್ಲಿ, ಕಲ್ಲುಬೆಂಚಿನ ಪಕ್ಕ ಮಲಗುವ ಸಿಯೋಕ್‌ಹಾ ತನ್ನ ಸತ್ತ ಅಕ್ಕನ ಹೆಸರಲ್ಲಿ ಹಚ್ಚಿದ ಧೂಪದ ಬೂದಿಯನ್ನು ಕೆಂಪು ಬಟ್ಟೆಯಲ್ಲಿ ಗಂಟುಕಟ್ಟಿ ಚೀಲದ ತಳದಲ್ಲಿ ಇಟ್ಟುಕೊಂಡಿದ್ದಳು. ಸತ್ತವರ ಜೀವ ಆ ಬೂದಿಯಲ್ಲೇ ನೆಲೆಸುತ್ತದೆ ಎಂಬುದು ನಮ್ಮ ನಂಬಿಕೆ. ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ತಮ್ಮನನ್ನು ಓದಿಸಿದವರು ಈ ಅಕ್ಕತಂಗಿಯರೇ. ಅಕ್ಕ ಸತ್ತ ಮೇಲೆ ತಮ್ಮ ಆ ಬೂದಿಯನ್ನು ಬಾಗಿಲಾಚೆ ಇಟ್ಟ. ಅದನ್ನೆತ್ತಿಕೊಂಡು ಇವಳೂ ಹೊರನಡೆದಳು. ಧೂಪ ತಪ್ಪಿದರೆ ಅಕ್ಕ ಹಸಿದ ಪ್ರೇತವಾಗಿ ಅಲೆಯುತ್ತಾಳೆಂಬ ಭಯ. ಆ ಭಯಕ್ಕೆ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಳು. ಪಾಯಿಖಾನೆಗೆ ಹೋದರೆ ಚೀಲ ಕಾಯುವವರು ಯಾರು?

ಮೂಲಿಕೆ ಚಹಾ ಮಾರುವ ಕಿಮ್‌ಲಿಯೋಂಗ್ ಕಳೆದ ವಾರ ಬೈದ: “ಹೋಗಿ ಮುಖ ತೊಳ್ಕೊಂಡು ಬಾ ತಾಯೀ, ನಿನ್ನ ನೋಡಿ ನನ್ನ ಗಿರಾಕಿಗಳು ಓಡ್ತಾರೆ. ಚೀಲ ನಾನು ನೋಡ್ಕೋತೀನಿ.”

“ಅದರ ಮೇಲಿಂದ ಕಣ್ಣು ತೆಗೀಬೇಡ ಮಾರಾಯ.”

“ಅದನ್ನ ಕದಿಯೋನು ಇನ್ನೂ ಹುಟ್ಟಿಲ್ಲ, ಹೋಗು.”

ಕದಿಯಲು ಯಾರೂ ಬರಲಿಲ್ಲ. ಚೌಕ ತೊಳೆಯುವ ಗುತ್ತಿಗೆಯವರು ಬಂದರು. ಕಿಮ್‌ಲಿಯೋಂಗ್ ಅತ್ತ ತಿರುಗಿ ಗಿರಾಕಿಗೆ ಚಹಾ ಸುರಿಯುತ್ತಿದ್ದ. ಅವಳು ಮರಳುವಷ್ಟರಲ್ಲಿ ಬೆಂಚಿನ ಪಕ್ಕ ಬರೀ ನೀರು; ಚೀಲ ರಸ್ತೆಬದಿಯ ಕಸದೊಡನೆ ಲಾರಿ ಸೇರಿತ್ತು. ಗಲ್ಲಿಯ ತಿರುವಿನಿಂದ ಆ ಲಾರಿಯ ಸಂಗೀತ ಕೇಳಿಸುತ್ತಿತ್ತು. ಆ ರಾಗಕ್ಕೆ ನಾವೆಲ್ಲ ಕಸ ಹಿಡಿದು ಕೆಳಗಿಳಿಯುತ್ತೇವೆ. ಅವಳು ಓಡಿ ಹೋಗಿ ಲಾರಿಗೆ ಅಡ್ಡ ನಿಂತಳು.

“ಅಜ್ಜಿ, ಪಕ್ಕಕ್ಕೆ ಬನ್ನಿ,” ಎಂದ ಚಾಲಕ.

“ಒಳಗೆ ನಮ್ಮಕ್ಕ ಇದ್ದಾಳೆ.”

ಚಾಲಕನ ಮುಖ ಬಿಳಿಚಿತು. ಕಸ ಅರೆಯುವ ಯಂತ್ರ ನಿಂತಿತು. ಕಸ ಹಿಡಿದು ಸಾಲಿನಲ್ಲಿದ್ದ ನಾವು ಹಿಂದೆ ಸರಿದೆವು. ಅವಳು ಮೊಣಕೈವರೆಗೆ ಕಸದೊಳಗೆ ಕೈಹಾಕಿ ಹರಿದ ಚೀಲ ಎಳೆದಳು. ಗಂಟು ಒದ್ದೆಯಾಗಿತ್ತು, ಬಿಚ್ಚಿರಲಿಲ್ಲ. “ಅಕ್ಕನ ಧೂಪದ ಬೂದಿ,” ಎಂದಳು.

“ಬೂದಿಗೆ ಇಷ್ಟೊಂದು ರಂಪಾನಾ? ಗುಡೀಲಿ ಬೊಗಸೆ ತುಂಬ ಸಿಗುತ್ತಲ್ಲ,” ಎಂದಳು ಸಾಲಿನಲ್ಲಿದ್ದ ಒಬ್ಬಾಕೆ. ಹೆಣವಲ್ಲ ಎಂದು ಖಾತ್ರಿಯಾದ ಮೇಲೆ ನಗುವುದು ಸುಲಭ. ನಾವೆಲ್ಲ ನಕ್ಕೆವು.

ಗಂಟು ಈಗ ಅವಳ ಕೊರಳಲ್ಲಿದೆ. ಆ ರಾಗ ಕೇಳಿದರೆ ಸಾಕು, ಎರಡೂ ಕೈಯಲ್ಲಿ ಅದನ್ನು ಅವುಚಿಕೊಳ್ಳುತ್ತಾಳೆ. ಅವಳಿಗೂ ಮದುವೆಯಾಗಿಲ್ಲ.

“ನಾನು ಹೋದ್ಮೇಲೆ ಇಬ್ಬರನ್ನೂ ಅದೇ ಲಾರಿಗೆ ಹಾಕ್ತಾರೇನೋ?” ಎಂದು ಕೇಳಿದಳು. ಕಿಮ್‌ಲಿಯೋಂಗ್ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ.

ಮದುವೆಯಾಗದೆ ಸತ್ತು, ಯಾರೂ ಹೆಸರೆತ್ತದೆ ಬಿಟ್ಟ ಒಬ್ಬ ಸೋದರತ್ತೆ, ಇಲ್ಲವೇ ಒಬ್ಬ ಅಕ್ಕ ನಿಮ್ಮ ಮನೆಯಲ್ಲೂ ಇದ್ದಾಳೆ. ಇಂದು ಸಂಜೆ ಕಸ ಹಿಡಿದು ಕೆಳಗಿಳಿಯುವ ಮೊದಲು ಪೀಠದ ಮೇಲೆ ಗೇಣು ಜಾಗ ಮಾಡಿ, ಅವಳ ಹೆಸರು ಬರೆದಿಡಿ.