ಅವ್ವನ ಕುಬಸಕ್ಕೆ ರಿವರ್ಸ್ ಗೇರಿನಲ್ಲಿ

ಜರ್ಮನಿಯಲ್ಲಿ ಕನ್ನಡದವರು ಎದುರು ಸಿಕ್ಕರೆ ಹೆಸರು ಕೇಳುವ ಮೊದಲೇ ಊಟಕ್ಕೆ ಕರೆಯುತ್ತಿದ್ದ ಕಾಲವದು. ಆ ದೇಶ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದ ಕಂಪ್ಯೂಟರ್ ಎಂಜಿನಿಯರುಗಳು ನ್ಯೂರೆಂಬರ್ಗಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು, ಅವರಲ್ಲಿ ನನ್ನ ಅಪ್ಪನೂ ಒಬ್ಬ. ನಾವು ಧಾರವಾಡ ಬಿಟ್ಟು ಒಂದೂವರೆ ವರ್ಷವಾಗಿತ್ತು. ನನಗೆ ಆಗ ಒಂಬತ್ತು ವರ್ಷ. ಅವ್ವನಿಗೆ ಏಳು ತಿಂಗಳು.

ಏಳನೇ ತಿಂಗಳಲ್ಲಿ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತಿ ಕುಬಸ ಮಾಡುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ನೋಡಿದರೆ ಬಸುರಿ ಒಂದು ದೇಶದಲ್ಲಿ, ತವರು ಇನ್ನೊಂದು ದೇಶದಲ್ಲಿ. ನಾನು ಹೊಟ್ಟೆಯಲ್ಲಿದ್ದಾಗ ಇಡೀ ಓಣಿಯೇ ಬಂದು ಉಂಡು ಹೋಗಿತ್ತೆಂದು ಅವ್ವ ನೂರು ಸಲ ಹೇಳಿದ್ದಳು. ಈ ಸಲ ಏನೂ ಇಲ್ಲವೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಬಚ್ಚಲಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದುದು ಮಾತ್ರ ನನಗೆ ಗೊತ್ತಿತ್ತು.

ಆಗ ಒದಗಿದವಳು ಸುಧಾ ಮೌಶಿ. ಕರೆಯುವುದು ಚಿಕ್ಕಮ್ಮನೆಂದಾದರೂ ರಕ್ತಸಂಬಂಧವೇನೂ ಅಲ್ಲ, ಟರ್ಕಿಯವರ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುವಾಗ ಪರಿಚಯವಾದ ಗದಗಿನ ಹೆಣ್ಣುಮಗಳು. ಊರಾಚೆ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ, ಗುಡ್ಡದ ನೆತ್ತಿಯ ಮೇಲೆ ಅವಳ ಮನೆ. ದೀಪಾವಳಿಗೆ ಊರಿಗೆ ಹೋದವಳು ಧಾರವಾಡದ ನಮ್ಮ ಅಜ್ಜಿಯ ಮನೆಗೂ ಹೋಗಿ ಹಸಿರು ಸೀರೆ, ಬಳೆ, ಐದು ಕಿಲೋ ಜೋಳದ ಹಿಟ್ಟು ಹೊತ್ತು ತಂದಿದ್ದಳು. ಫೋನಿನಲ್ಲಿ ಅವ್ವನಿಗೆ, "ಕುಬಸ ನಾ ಮಾಡ್ತೀನಿ. ನೀ ಬಂದು ಸುಮ್ನ ಕುಂದ್ರು, ಅಷ್ಟ" ಅಂದಳು. ಅವತ್ತಿನಿಂದ ಬಚ್ಚಲ ನಲ್ಲಿಯ ಸದ್ದು ಕಡಿಮೆಯಾಯಿತು.

ಗೊತ್ತಾದ ದಿನ ಶನಿವಾರ. ಬೆಳಿಗ್ಗೆ ಎಂಟಕ್ಕೆಲ್ಲ ನಾವು ತಯಾರು. ಆದರೆ ಹುಬ್ಬಳ್ಳಿಯ ಕ್ಯಾಲೆಂಡರಿನಲ್ಲಿ ಹತ್ತೂವರೆಯವರೆಗೆ ರಾಹುಕಾಲ ಎಂದಿತ್ತು. ಅದು ಹುಬ್ಬಳ್ಳಿಯ ಹತ್ತೂವರೆಯೋ ನ್ಯೂರೆಂಬರ್ಗಿನದೋ ಎಂದು ಅಪ್ಪ ಕೇಳಿದ್ದಕ್ಕೆ ಅವ್ವ ಕಾರಿನ ಕೀಲಿಯನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ಕೋಟು ಹಾಕಿಕೊಂಡು ಸೋಫಾದ ಮೇಲೆ ಕೂತೆವು. ಅಷ್ಟರಲ್ಲಿ ಹಿಮ ಬೀಳತೊಡಗಿತು, ಹೊರಡುವ ಹೊತ್ತಿಗೆ ಪಾದ ಮುಳುಗುವಷ್ಟು.

ನಮ್ಮದು ಎರಡೇ ಬಾಗಿಲಿನ, ಯಾರೋ ಬಳಸಿ ಬಿಟ್ಟ ಪುಟ್ಟ ನೀಲಿ ಕಾರು. ಚಳಿಗಾಲದ ಟೈರೇನೋ ಹಾಕಿಸಿದ್ದೆವು, ಆದರೆ ಅಪ್ಪನ ತಲೆಯಲ್ಲಿ ಇನ್ನೂ ನವಲಗುಂದದ ಸೋದರಮಾವನ ಜೀಪಿತ್ತು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಆ ಜೀಪು ಸಿಕ್ಕಿಬಿದ್ದರೆ ಹಿಂದೆ ಎರಡು ಚೀಲ ಹೇರಿ ಎಬ್ಬಿಸುತ್ತಿದ್ದರಂತೆ. "ಹಿಂದ ಭಾರ ಇದ್ರ ಗಾಲಿ ಜಾರಂಗಿಲ್ಲ" ಎನ್ನುತ್ತ ಇಪ್ಪತ್ತು ಕಿಲೋದ ಎರಡು ಅಕ್ಕಿ ಚೀಲ, ಆಲೂಗಡ್ಡೆ, ನೀರಿನ ಬಾಟಲಿಗಳ ಎರಡು ಕ್ರೇಟು ಎಲ್ಲವನ್ನೂ ಡಿಕ್ಕಿಗೆ ತುಂಬಿದ. ಮಿಕ್ಸರನ್ನೂ ಎತ್ತಲು ಹೋಗಿ ಬೈಸಿಕೊಂಡ.

ಕಾರಿನ ತುಂಬ ಒದ್ದೆ ಉಣ್ಣೆಯ ವಾಸನೆ. ಅವ್ವನ ತೊಡೆಯ ಮೇಲಿದ್ದ ಡಬ್ಬಿಯಿಂದ ಶೇಂಗಾ ಹೋಳಿಗೆಯ ಬೆಲ್ಲದ ಘಮ. ದೊಡ್ಡ ರಸ್ತೆಯಲ್ಲಿ ಹಿಮ ಬಳಿದು ಉಪ್ಪು ಚೆಲ್ಲಿದ್ದರಿಂದ ಆರಾಮವಾಗಿ ಹೋದೆವು. ಕಷ್ಟ ಶುರುವಾದದ್ದು ಹಳ್ಳಿಯ ಕೊನೆಯ ಏರಿನಲ್ಲಿ. ಮೇಲೆ ಮೌಶಿಯ ಮನೆ ಕಾಣುತ್ತಿತ್ತು, ಚಿಮಣಿಯ ಹೊಗೆಯೂ ಕಾಣುತ್ತಿತ್ತು. ಕಾರು ಹತ್ತು ಮಾರು ಹತ್ತಿ ನಿಂತಿತು. ಮುಂದಿನ ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗಿದವು, ನಾವು ಮೆಲ್ಲಗೆ ಹಿಂದಕ್ಕೆ ಜಾರಿದೆವು. ಮೂರು ಸಲ ಹಾಗೇ ಆಯಿತು.

"ವಾಪಸ್ ಹೋಗೂಣು" ಅಂದ ಅಪ್ಪ. "ಮುಂದಿನ ವಾರ ಬಂದ್ರಾತು."

"ಮುಂದಿನ ವಾರ ಎಂಟರಾಗ ಬೀಳತದ. ನಡಕೊಂಡು ಹೋಗ್ತೀನಿ, ಬಾಗಲಾ ತಗೀರಿ."

"ಜಾರಿ ಬಿದ್ದೀ. ಡಾಕ್ಟರ್ ಏನ್ ಹೇಳ್ಯಾರ, ನೆನಪದ ಇಲ್ಲೊ?"

"ನಮ್ಮವ್ವ ಉಟ್ಟ ಸೀರಿ ಕಳಸ್ಯಾಳ್ರೀ. ಅಲ್ಲೇ ಮ್ಯಾಲೆ ಅದ" ಎನ್ನುವಷ್ಟರಲ್ಲಿ ಅವ್ವನ ದನಿ ಒಡೆಯಿತು. ಅವ್ವ ನಮ್ಮೆದುರಿಗೇ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ.

ಏರಿನ ಬುಡದ ಮನೆಯ ಮುಂದೆ ಒಬ್ಬ ಜರ್ಮನ್ ಅಜ್ಜಿ ಸಲಿಕೆಯಿಂದ ಹಿಮ ಬಳಿಯುತ್ತಿದ್ದಳು. ಬಂದು ಕಿಟಕಿ ಬಡಿದಳು. ಅಪ್ಪನ ಜರ್ಮನ್ ಆಫೀಸಿನ ಬಾಗಿಲು ದಾಟಿದ್ದಲ್ಲ, ಹಾಗಾಗಿ ಶಾಲೆಗೆ ಹೋಗುತ್ತಿದ್ದ ನಾನೇ ಮಾತಾಡಬೇಕಾಯಿತು. ಡಿಕ್ಕಿ ತೆಗೆಸಿದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಂಗಡಿ ಇಡಾಕ ಹೊಂಟೀರೇನು ಅಂತ ಕೇಳ್ತಾಳ" ಅಂದೆ.

ಅಪ್ಪ ನವಲಗುಂದದ ಜೀಪಿನ ಕತೆ ಶುರುಮಾಡಿದ. ಅದನ್ನೆಲ್ಲ ಜರ್ಮನ್‌ಗೆ ತರುವುದು ನನ್ನ ಕೈಲಾಗದ ಕೆಲಸ. "ಊರಲ್ಲಿ ಹೀಗೆ ಮಾಡ್ತಾರೆ" ಎಂದಷ್ಟೇ ಹೇಳಿದೆ. ಅಜ್ಜಿ ತಾಳ್ಮೆಯಿಂದ ಪಾಠ ಮಾಡಿದಳು. ಜೀಪನ್ನು ನೂಕುವುದು ಹಿಂದಿನ ಗಾಲಿ, ಈ ಕಾರನ್ನು ಎಳೆಯುವುದು ಮುಂದಿನ ಗಾಲಿ. ಹಿಂದೆ ಭಾರ ಹೇರಿದಷ್ಟೂ ಮುಂದಿನ ಗಾಲಿ ಹಗುರಾಗಿ ನೆಲದ ಹಿಡಿತ ಬಿಡುತ್ತದೆ. ಎಂಜಿನಿಯರ್ ಅಪ್ಪ ಕಿವಿ ಕೆಂಪಗೆ ಮಾಡಿಕೊಂಡು ಅಕ್ಕಿ ಚೀಲಗಳನ್ನು ಅವಳ ಗ್ಯಾರೇಜಿಗೆ ಹೊತ್ತು ಹಾಕಿದ.

ಆಮೇಲೆ ಅವಳು ಹೇಳಿದ ಮಾತನ್ನು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

"ಅಪ್ಪಾ, ಹಿಂದ ಹಿಂದ ಹತ್ತಿಸ್ಬೇಕಂತ. ರಿವರ್ಸ್‌ನ್ಯಾಗ."

ಏರಿನಲ್ಲಿ ಭಾರವೆಲ್ಲ ಇಳಿಜಾರಿನ ಕಡೆ ಬೀಳುತ್ತದೆ, ಎಳೆಯುವ ಗಾಲಿಯೂ ಆ ಕಡೆಗೇ ಇರಲಿ ಎಂಬುದು ಅವಳ ಲೆಕ್ಕ. ಅಪ್ಪನಿಗೆ ಲೆಕ್ಕ ತಿಳಿಯಿತು, ಧೈರ್ಯ ಬರಲಿಲ್ಲ. ಅವ್ವನ ಮುಖ ನೋಡಿದ. "ಅಲ್ಲ, ಶುಭಕಾರ್ಯಕ್ಕ ಹೊಂಟೇವಿ. ಬೆನ್ನ ಮಾಡಿ ಹೋಗೂದಂದ್ರ ಹೆಂಗ?"

ರಾಹುಕಾಲಕ್ಕಾಗಿ ನಮ್ಮನ್ನು ಎರಡೂವರೆ ಗಂಟೆ ಕೂಡಿಸಿದ್ದ ಅವ್ವ ಕಣ್ಣು ಒರೆಸಿಕೊಂಡಳು. "ಹೆಂಗರ ಹೋಗ್ರಿ. ಮುಟ್ಟಿದ್ರ ಸಾಕು."

ಅಪ್ಪ ಅಜ್ಜಿಯ ಅಂಗಳದಲ್ಲಿ ಕಾರು ತಿರುಗಿಸಿದ. ಹಿಂದಿನ ಸೀಟಿನಲ್ಲಿ ನಾನು ಹಿಂದಕ್ಕೆ ಮುಖ ಮಾಡಿ ಮೊಣಕಾಲೂರಿ ಕೂತು ದಾರಿ ಹೇಳತೊಡಗಿದೆ. ಅಜ್ಜಿ ಬಕೆಟ್ಟು ಹಿಡಿದು ಏರು ಹತ್ತುತ್ತ ನಮ್ಮ ದಾರಿಗೆ ಮುಷ್ಟಿ ಮುಷ್ಟಿ ಸಣ್ಣ ಜಲ್ಲಿ ಎರಚಿದಳು. ಅಕ್ಷತೆ ಹಾಕಿದಂತೆಯೇ ಇತ್ತು. ಕಾರು ಒಮ್ಮೆ ತಡವರಿಸಿ ಮೆಲ್ಲಗೆ ಹತ್ತತೊಡಗಿತು.

ಗಾಬರಿಯಲ್ಲಿ ನನಗೆ ಕನ್ನಡ ಮರೆತುಹೋಗಿ "ಲಿಂಕ್ಸ್, ಲಿಂಕ್ಸ್" ಎಂದು ಕಿರುಚಿದೆ.

"ಕನ್ನಡದಾಗ ಹೇಳ ನನ್ನವ್ವಾ, ಎಡಕ್ಕೋ ಬಲಕ್ಕೋ?"

"ಎಡಕ್ಕ, ಎಡಕ್ಕ. ಸಾಕು. ಈಗ ನೆಟ್ಟಗ."

ಅಪ್ಪ ನಾನು ಹೇಳಿದಂತೆಯೇ ತಿರುಗಿಸಿದ. ನನ್ನ ಮಾತಿಗೆ ಒಂದು ಕಾರು ತಿರುಗಿತೆಂಬ ಹೆಮ್ಮೆ ನನಗೆ ತಿಂಗಳುಗಟ್ಟಲೆ ಇತ್ತು. ಇಳಿಜಾರಿಗೆ ಮುಖ ಮಾಡಿ ಕೂತಿದ್ದ ಅವ್ವ ಇದ್ದಕ್ಕಿದ್ದಂತೆ ನಕ್ಕಳು. "ಊರ ಕೆಳಗ ಹೊಂಟದ ನೋಡ್ರಿ" ಅಂದಳು, ಮತ್ತೆ ನಕ್ಕಳು, ಡಬ್ಬಿ ಹಿಡಿದ ಕೈ ಅಲುಗುವಷ್ಟು.

ಸುಧಾ ಮೌಶಿ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮೊದಲು ಅವಳಿಗೆ ಕಂಡದ್ದು ನಮ್ಮ ಕಾರಿನ ಡಿಕ್ಕಿ. "ಏನವಾ, ಬರೂದ್ರಾಗನ ವಾಪಸ್ ಹೊಂಟಂಗ ಬಂದೀರಿ" ಅಂದಳು. ಅಜ್ಜಿಯನ್ನೂ ಒಳಗೆ ಕರೆದು ಪಂಕ್ತಿಯಲ್ಲಿ ಕೂಡಿಸಿದಳು. ಅವ್ವನಿಗೆ ಸೀರೆ ಉಡಿಸಿ, ಸೂಪರ್‌ಮಾರ್ಕೆಟ್ಟಿನ ಗುಲಾಬಿಗಳನ್ನು ದಾರದಲ್ಲಿ ಕಟ್ಟಿ ಮುಡಿಸಿದಳು. ಮಡಿಕೆ ಬಿಚ್ಚಿದ ಸೀರೆಯಿಂದ ಧಾರವಾಡದ ಅಜ್ಜಿಯ ಟ್ರಂಕಿನ ಕರ್ಪೂರದ ವಾಸನೆ ಬಂತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಬೆಣ್ಣೆ. ಅವ್ವ ಅವತ್ತು ನಾಲ್ಕು ರೊಟ್ಟಿ ಉಂಡಳು. ಹೊಟ್ಟೆಯೊಳಗಿದ್ದ ತಂಗಿ ಒದೆಯುತ್ತಿದ್ದಾಳೆಂದು ನನ್ನ ಕೈ ಹಿಡಿದು ತೋರಿಸಿದಳು.

ಆಮೇಲೆ ಮೂರು ವರ್ಷ, ಬೇಸರವಾದಾಗಲೆಲ್ಲ ಅವ್ವ ಕೋಟು ಹಾಕಿಕೊಂಡು "ತವರಿಗೆ ಹೋಗಿ ಬರೂಣ್ರಿ" ಎನ್ನುತ್ತಿದ್ದಳು. ಅಪ್ಪ ಎಲ್ಲಿಗೆ ಎಂದು ಕೇಳದೆ ಗುಡ್ಡದ ಕಡೆ ಕಾರು ಬಿಡುತ್ತಿದ್ದ. ನಂತರ ಮೌಶಿಯ ಗಂಡನ ವೀಸಾ ಮುಗಿಯಿತು. ಅವರು ಗದಗಿಗೆ ಮರಳಿದರು.

ಈಗ ನ್ಯೂರೆಂಬರ್ಗಿನಲ್ಲಿ ಕನ್ನಡದವರಿಗೆ ಬರವಿಲ್ಲ. ಜೋಳದ ಹಿಟ್ಟು ಮನೆಬಾಗಿಲಿಗೆ ಬರುತ್ತದೆ, ಹಿಮವೂ ಮೊದಲಿನ ಹಾಗೆ ಬೀಳುವುದಿಲ್ಲ. ಅಪ್ಪನ ಹೊಸ ಕಾರು ಎಂಥ ಏರನ್ನಾದರೂ ಮುಖ ಮಾಡಿಕೊಂಡೇ ಹತ್ತುತ್ತದೆ. ಹಬ್ಬಕ್ಕೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಅವ್ವ ಈ ದೇಶದಲ್ಲಿ ಎಷ್ಟೋ ಮನೆಗಳ ಹೊಸ್ತಿಲು ತುಳಿದಿದ್ದಾಳೆ. ಗುಡ್ಡದ ಮೇಲಿನ ತವರಿಗೆ ಮಾತ್ರ ಮತ್ತೆ ಹೋಗಲಿಲ್ಲ.