ಮುಕ್ಕಾಲು ಎಚ್‌ಪಿ ಸಾಕಿತ್ತು

ವಿಶಾಖಪಟ್ಟಣಕ್ಕೆ ಕೆಲಸಕ್ಕೆ ಬಂದ ಹೊಸತರಲ್ಲಿ ಪೆಂಡುರ್ತಿಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಮಾಲೀಕರು, ಅಂಕಲ್ ಮತ್ತು ಆಂಟಿ. ಬಹಳ ವರ್ಷ ಮಂಗಳಗಿರಿ ಸೀರೆಗಳ ಅಂಗಡಿ ನಡೆಸಿ ಈಗ ವಿಶ್ರಾಂತಿಯಲ್ಲಿದ್ದವರು. ನನ್ನ ಕೆಲಸವೇನೆಂದು ಅಂಕಲ್ ಕೇಳಿದಾಗ, ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಪಂಪುಗಳನ್ನು ನೋಡಿಕೊಳ್ಳುತ್ತೇನೆ ಎಂದೆ. ನಿಜಕ್ಕೂ ನಾನು ನೋಡಿಕೊಳ್ಳುತ್ತಿದ್ದದ್ದು ಪಂಪುಗಳ ಕಾಗದಪತ್ರವನ್ನು. ಯಾವುದು ಯಾವಾಗ ರಿಪೇರಿಯಾಯಿತು, ಯಾರ ಸಹಿ ಬಾಕಿಯಿದೆ, ಅಷ್ಟೇ. ಇಂಜಿನಿಯರಿಂಗ್ ಓದಿದ್ದೆ ಹೌದು, ಆದರೆ ಒಂದು ಪಂಪನ್ನೂ ಕೈಯಾರೆ ಬಿಚ್ಚಿದವಳಲ್ಲ.

ಆಂಟಿಗೆ ಮಂಡಿನೋವು. ನೀರಿನಲ್ಲಿ ನಡೆದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ಅಂಕಲ್ ಹಿತ್ತಲಲ್ಲೇ ಸಣ್ಣ ಈಜುಕೊಳ ಕಟ್ಟಿಸಿದರು. ನೀರನ್ನು ಎಳೆದು, ಮರಳಿನ ಫಿಲ್ಟರಿನಲ್ಲಿ ಸೋಸಿ, ಮತ್ತೆ ಕೊಳಕ್ಕೆ ಬಿಡಲು ಪಂಪು ಬೇಕಿತ್ತು. ಪೈಪು ಕೂರಿಸಿದ ವಯಸ್ಸಾದ ಪ್ಲಂಬರು ಮುಕ್ಕಾಲು ಎಚ್‌ಪಿ ಸಾಕೆಂದರು. ಅಂಕಲ್ ನನ್ನ ಕಡೆ ತಿರುಗಿದರು. ಅದೇ ವಾರ ನಾನು ತರಬೇತಿಗೆಂದು ವಿಜಯವಾಡಕ್ಕೆ ಹೊರಟಿದ್ದೆ. ಅಲ್ಲಿ ಅವರ ಭಾವಮೈದುನನ ಪರಿಚಯದ ಪಂಪಿನ ಅಂಗಡಿಯಿತ್ತು. ನೀನೇ ನೋಡಿ ಆರಿಸಮ್ಮಾ ಎಂದರು. ಪ್ಲಂಬರು ಕೊಳದ ಅಳತೆ, ಪೈಪಿನ ಅಳತೆ ಎಲ್ಲವನ್ನೂ ತೆಲುಗಿನಲ್ಲಿ ಬರೆದು ಚೀಟಿ ಕೊಟ್ಟರು.

ಆ ಚೀಟಿಯನ್ನು ಅಂಗಡಿಯವನಿಗೆ ನಾನು ತೋರಿಸಲೇ ಇಲ್ಲ. ಇಂಜಿನಿಯರ್ ಆದವಳು ಪ್ಲಂಬರಿನ ಚೀಟಿ ಹಿಡಿದು ಬಂದಳು ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಎಷ್ಟು ಲೀಟರ್ ನೀರು, ಫಿಲ್ಟರ್ ಯಾವ ಅಳತೆಯದು ಎಂದು ಅವನು ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದೆ. ಮನೆಯ ಕೊಳಕ್ಕಾದರೆ ಸಣ್ಣದು ನೋಡಿ ಎಂದು ಅವನೂ ಅಂದ. ಪಂಪು ದೊಡ್ಡದಿದ್ದರೆ ನಷ್ಟವೇನೂ ಇಲ್ಲ ಎಂದು, ಎಲ್ಲ ತಿಳಿದವಳ ಧಾಟಿಯಲ್ಲಿ, ಎರಡು ಎಚ್‌ಪಿಯದನ್ನು ಕಟ್ಟಿಸಿದೆ.

ಪ್ಲಂಬರು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿ, ನನ್ನ ಮುಖವನ್ನೊಮ್ಮೆ ನೋಡಿದರು. ಇದು ಜಾಸ್ತಿಯಾಯಿತಲ್ಲ ಎಂದು ಮೆಲ್ಲಗೆ ಅಂದರು. ಅಮ್ಮಾಯಿ ಓದಿದವಳು, ಕೂರಿಸಿ ಎಂದರು ಅಂಕಲ್. ಮನೆಯ ಹುಡುಗಿಯನ್ನು ಕರೆದ ಹಾಗೆ ಅವರು ನನ್ನನ್ನು ಅಮ್ಮಾಯಿ ಎನ್ನುತ್ತಿದ್ದರು.

ನೀರು ತಿಳಿಯಾಗಲೇ ಇಲ್ಲ. ಪಂಪಿನ ರಭಸಕ್ಕೆ ಕೊಳೆ ಮರಳಿನಲ್ಲಿ ನಿಲ್ಲದೆ ವಾಪಸು ಕೊಳಕ್ಕೇ ಬರುತ್ತಿತ್ತು. ಹೊಸದಲ್ಲವೇ, ಸರಿಹೋಗುತ್ತದೆ ಎಂದು ಹೇಳುತ್ತಾ ಬಂದೆ. ಒಂದು ಬೆಳಿಗ್ಗೆ ಆಂಟಿ ನೀರಿನಲ್ಲಿ ನಡೆಯುತ್ತಿದ್ದಾಗ, ಪಂಪಿನ ಎಳೆತದ ಜೋರಿಗೆ, ಕೊಳದ ಗೋಡೆಯಲ್ಲಿ ನೀರು ಎಳೆಯುವ ಜಾಲರಿಗೆ ಅವರ ನೈಟಿಯ ಅಂಚು ಕಚ್ಚಿಕೊಂಡಿತು. ಬಿಡಿಸಿಕೊಳ್ಳಲು ಬಗ್ಗಿದವರು ಕಾಲುಜಾರಿ ಮುಳುಗಿದರು. ಅಂಕಲ್ ಓಡಿಹೋಗಿ ಸ್ವಿಚ್ಚು ಆರಿಸಿದರು. ನಾನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಆಂಟಿ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದರು. ಗಾಯವೇನೂ ಆಗಿರಲಿಲ್ಲ.

ಅಂಕಲ್ ನನ್ನೆದುರೇ ಪ್ಲಂಬರಿಗೆ ಫೋನು ಮಾಡಿ ಬೈದರು. ಪೈಪು ಹಾಕಲು ಬರದಿದ್ದರೆ ಕೆಲಸ ಯಾಕೆ ಒಪ್ಪಿಕೊಂಡೆ, ಮತ್ತೆ ಈ ಕಡೆ ಮುಖ ತೋರಿಸಬೇಡ ಎಂದರು. ನಾನು ಒದ್ದೆ ಟವೆಲ್ಲನ್ನು ಮಡಚುತ್ತಾ ನಿಂತಿದ್ದೆ. ಮಡಚಿಯಾದ ಮೇಲೆ ಬಿಡಿಸಿ, ಮತ್ತೆ ಮಡಚಿದೆ.

ನಾಲ್ಕು ದಿನ ಬಾಯಿಬಿಡಲಿಲ್ಲ. ಗದಗಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಾಕ ಏನಾಗಿತ್ತವಾ ನಿನಗ?" ಎಂದಳು.

ಮರುದಿನ ಆಂಟಿಯ ಹತ್ತಿರ ಹೋಗಿ, ನನಗೆ ಬರುವ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ. ಕಾರ್ಖಾನೆಯಲ್ಲಿ ನನ್ನ ಕೆಲಸವೇನು ಅನ್ನುವುದನ್ನೂ ಬಚ್ಚಿಡಲಿಲ್ಲ. ಅವರು ಸೊಪ್ಪು ಬಿಡಿಸುತ್ತಿದ್ದರು, ತಲೆಯೆತ್ತಲಿಲ್ಲ. "ನನಗೆ ಹೇಳಿ ಏನು ಬಂತಮ್ಮಾ? ಬೈಸಿಕೊಂಡದ್ದು ಆತ," ಎಂದರು.

ಪ್ಲಂಬರು ಎರಡು ಬೀದಿಯಾಚೆ ಹೊಸ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ನಾನು ಹೇಳುತ್ತಿದ್ದಷ್ಟು ಹೊತ್ತೂ ಪೈಪಿಗೆ ಅಂಟು ಸವರುತ್ತಲೇ ಇದ್ದರು. ಕೊನೆಗೆ, "ಅಮ್ಮಗಾರು ಹುಷಾರಾಗಿದ್ದಾರಾ?" ಎಂದು ಕೇಳಿದರು. ಹೌದೆಂದೆ. "ಪೆಟ್ಟಿಗೆ ನೋಡಿದಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂರಿಸಿದೆ. ನನ್ನದೂ ತಪ್ಪೇ," ಎಂದರು. ಅವರು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರ ಕಣ್ಣು ತಪ್ಪಿಸಲು ನಾನು ನೆಲದ ಮೇಲಿನ ಪೈಪಿನ ಚೂರುಗಳನ್ನೇ ನೋಡುತ್ತಾ ನಿಂತೆ.

ಅಂಕಲ್‌ಗೂ ಹೇಳಿದೆ. ಅವರು ಒಂದು ಗಟ್ಟಿ ಮಾತನ್ನೂ ಆಡಲಿಲ್ಲ. ತಾವೇ ನಡೆದುಹೋಗಿ ಪ್ಲಂಬರನ್ನು ಕರೆತಂದರು. ಮುಕ್ಕಾಲು ಎಚ್‌ಪಿಯ ಪಂಪು ಬಂತು; ಒಂದರ ಮೇಲೇ ಎಳೆತ ಬೀಳದಿರಲೆಂದು ಇನ್ನೊಂದು ಗೋಡೆಗೂ ಜಾಲರಿ ಕೂರಿಸಿದರು. ವಾರದೊಳಗೆ ತಳದ ಟೈಲ್ಸಿನ ಸಂದುಗಳೂ ಕಾಣುವಷ್ಟು ನೀರು ತಿಳಿಯಾಯಿತು. ಅಲ್ಲಿಂದಾಚೆ ಅಂಕಲ್ ನನ್ನನ್ನು ಅಮ್ಮಾಯಿ ಎನ್ನಲಿಲ್ಲ. ಮೇಡಂ ಎಂದು ಬಹಳ ಮರ್ಯಾದೆಯಿಂದ ಕರೆಯುತ್ತಿದ್ದರು.

ಆಂಟಿ ಮಾತ್ರ ಎರಡನೆಯ ಮೆಟ್ಟಿಲು ದಾಟಲಿಲ್ಲ. ಬೆಳಿಗ್ಗೆ ಅಲ್ಲೇ ಕೂತು, ಸೀರೆಯನ್ನು ಮಂಡಿಯ ಮೇಲಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ನೀರಿನಲ್ಲಿ ಕಾಲಾಡಿಸುತ್ತಿದ್ದರು. ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ನನಗೆ ಅದು ಕಾಣುತ್ತಿತ್ತು. ಅವರು ತಲೆಯೆತ್ತುವ ಮೊದಲೇ ನಾನು ಒಳಗೆ ಹೋಗಿಬಿಡುತ್ತಿದ್ದೆ.