ಮೂರು ಮುಂಜಾನೆ ಸ್ಟೂಲು ಹಾಕಿ ಕೂರುವವರು

ಚಳಿ ಪೂರ್ತಿ ಬಿಟ್ಟಿಲ್ಲ, ಬಿಸಿಲು ಇನ್ನೂ ಬಲಿತಿಲ್ಲ, ಅಂಥ ದಿನಗಳು. ಬೆಳಗಿನ ಐದಕ್ಕೆ ಹತ್ತು ನಿಮಿಷ ಇದೆ. ನಮ್ಮ ಗಲ್ಲಿಯ ಕೊನೆಯ ಲಾಂಡ್ರಿಯಲ್ಲಿ ಹಂಡೆಯ ನೀರು ಕುದಿಯುತ್ತಿದೆ. ಆವಿ ತುಂಬಿ ಬಲ್ಬು ಮಸುಕಾಗಿದೆ. ಬಾಗಿಲ ಪಕ್ಕದಲ್ಲಿ, ಯಾರ ಕಾಲಿಗೂ ಅಡ್ಡ ಬರದ ಹಾಗೆ, ಒಬ್ಬ ಹೆಂಗಸು ಮಡಿಚುವ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಮಂಡಿಯ ಮೇಲೆ ಒಂದು ನೋಟುಪುಸ್ತಕ, ಎದುರಿಗೆ ಒದ್ದೆ ಬೆಡ್‌ಶೀಟುಗಳ ಗುಡ್ಡೆ.

ಲಾಂಡ್ರಿಯ ಯಜಮಾನಿ ಬೆಡ್‌ಶೀಟಿನ ಒಂದು ತುದಿ ಹಿಡಿದಿದ್ದಾಳೆ, ಅವಳ ನಾದಿನಿ ಇನ್ನೊಂದು ತುದಿ. ಇಬ್ಬರೂ ತಿರುಚಿ ತಿರುಚಿ ಹಿಂಡುತ್ತಾರೆ. ನೀರು ಧಾರೆಯಾಗಿ ಸುರಿದು ಮೋರಿಗೆ ಹೋಗುತ್ತದೆ.

"ಅಕ್ಕ, ನೀವು ಹಿಂಗೆ ನೋಡ್ತಾ ಕೂತ್ರೆ ನನಗೆ ಪರೀಕ್ಷೆ ಬರೆಯೋ ಥರ ಆಗತ್ತೆ," ಅನ್ನುತ್ತಾಳೆ ಯಜಮಾನಿ.

"ಬರಿ ಬರಿ. ನಾನು ಕಾಪಿ ಹೊಡೀತಿದೀನಿ," ಅನ್ನುತ್ತಾರೆ ಸ್ಟೂಲಿನವರು.

ಇವರನ್ನು ಸುತ್ತಲಿನ ಹತ್ತು ಬೀದಿಯವರು ಕರೆಯುವುದೇ ಸ್ಟೂಲಕ್ಕ ಎಂದು. ಸಣ್ಣ ಅಂಗಡಿ, ಸಣ್ಣ ಕಾರ್ಖಾನೆ ನಡೆಸುವವರಿಗೆ ಬ್ಯಾಂಕಿನಿಂದ ಸಾಲ ಸಿಗುವ ಹಾಗೆ ಮಾಡುವುದು, ಸಿಕ್ಕ ಮೇಲೆ ಅದು ವ್ಯಾಪಾರ ಬೆಳೆಸುವ ಹಾಗೆ ನೋಡಿಕೊಳ್ಳುವುದು ಅವರ ಕಸುಬು. ಬೇರೆಯವರು ಮೊದಲು ಕಾಗದ ಕೇಳುತ್ತಾರೆ. ಇವರು ಮೊದಲು ಕೂರಲು ಒಂದು ಮೊಳ ಜಾಗ ಕೇಳುತ್ತಾರೆ. ಮೂರು ಮುಂಜಾನೆ ಸುಮ್ಮನೆ ಕೂತು ನೋಡದೆ ಒಂದಕ್ಷರ ಬರೆಯುವುದಿಲ್ಲ.

ನನ್ನ ಬೀಗ ರಿಪೇರಿಯ ಅಂಗಡಿ ಅವರ ಆಫೀಸು ಕೋಣೆಯ ಮೆಟ್ಟಿಲ ಕೆಳಗೇ ಇದೆ. ಹದಿನಾಲ್ಕು ವರ್ಷದಿಂದ ಆ ಮೆಟ್ಟಿಲು ಹತ್ತಿದವರ ಮುಖ, ಇಳಿದವರ ಮುಖ ಎರಡನ್ನೂ ನೋಡಿದ್ದೇನೆ. ಹತ್ತು ಜನ ಹತ್ತಿದರೆ ಆರು ಜನಕ್ಕೆ "ಸಾಲ ಬೇಡ" ಎಂದೇ ಹೇಳಿ ಕಳಿಸುತ್ತಾರೆ. ಬ್ರೆಡ್ಡು ಮಾಡುವ ಅಣ್ಣ ಒಬ್ಬ ಎರಡನೇ ಒಲೆಗೆ ಸಾಲ ಕೇಳಿ ಬಂದಿದ್ದ. ಮೂರು ಮುಂಜಾನೆ ಕೂತು ನೋಡಿ, "ಒಲೆ ದಿನಕ್ಕೆ ಮೂರು ಗಂಟೆ ಖಾಲಿ ಉರೀತಿದೆ ಮಾರಾಯ. ನಿನಗೆ ಕಮ್ಮಿ ಇರೋದು ಒಲೆ ಅಲ್ಲ, ಹಿಟ್ಟು ನಾದೋ ಮೇಜು" ಎಂದರು. ಅವನು ಒಂದು ಮೇಜು ಹಾಕಿಸಿಕೊಂಡ. ಈಗ ಎರಡು ಪಟ್ಟು ಬ್ರೆಡ್ಡು ಬೇಯಿಸುತ್ತಾನೆ. ಎದುರು ಸಿಕ್ಕಾಗ ಮಾತ್ರ, "ಒಲೆ ಕೇಳೋಕೆ ಹೋದ್ರೆ ಮೇಜು ಕೊಟ್ಟು ಕಳಿಸಿದ ಮಹಾತಾಯಿ" ಎಂದು ರೇಗಿಸುತ್ತಾನೆ.

ಸ್ಟೂಲಕ್ಕನಿಗೆ ಈಗ ಐವತ್ತಾರು. ಮೊದಲು ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು. ಬಂದ ಅರ್ಜಿಗಳಿಗೆ ಮುದ್ರೆ ಒತ್ತುವುದು ಅವರ ಪಾಲಿನ ಕೆಲಸ. ತಿರಸ್ಕೃತ ಎಂಬ ಮುದ್ರೆಯೇ ಹೆಚ್ಚು ಸವೆದಿತ್ತಂತೆ. ಒಂದು ದಿನ ಒಡಹುಟ್ಟಿದ ಅಣ್ಣನ ಅರ್ಜಿಯೇ ಬಂತು. ಅಣ್ಣನದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸು, ಕಾಗದ ಕತ್ತರಿಸುವ ಒಂದು ಯಂತ್ರ ಬೇಕಿತ್ತು. ಯಾವುದೋ ಒಂದು ಕಾಲಂ ಖಾಲಿ ಬಿಟ್ಟಿದ್ದರು. ನಿಯಮ ನಿಯಮವೇ. ತಂಗಿಯೇ ಮುದ್ರೆ ಒತ್ತಿದರು. ಪ್ರೆಸ್ಸು ಮುಚ್ಚಿತು. ಅಣ್ಣ ಎರಡು ವರ್ಷ ಮಾತಾಡಲಿಲ್ಲ.

"ಆ ಕಾಲಂನಲ್ಲಿ ಏನು ಬರೀಬೇಕು ಅಂತ ನನಗೆ ಗೊತ್ತಿತ್ತು," ಅನ್ನುತ್ತಾರೆ ಅವರು. "ಹೇಳೋದು ನನ್ನ ಕೆಲಸ ಅಲ್ಲ ಅಂದ್ಕೊಂಡಿದ್ದೆ. ಯಾರ ಕೆಲಸವೂ ಅಲ್ಲ ಅಂತ ಆಮೇಲೆ ತಿಳೀತು. ಸರಿ, ನಂದೇ ಆಗಲಿ ಅಂತ ಕೆಲಸ ಬಿಟ್ಟೆ."

ಬಿಟ್ಟ ಮೇಲೆ ಮೊದಲ ಎರಡು ವರ್ಷ ಕಷ್ಟದಲ್ಲೇ ಕಳೆದವು. ಕೋಣೆಯ ಬಾಡಿಗೆಯನ್ನು ಬಸ್ ಮೆಕ್ಯಾನಿಕ್ಕಾದ ಗಂಡನ ಸಂಬಳವೇ ಕಟ್ಟಿತು. ಸಾಲ ಮಂಜೂರಾಗುವ ತನಕ ಇವರು ಯಾರ ಹತ್ತಿರವೂ ಫೀಸು ಮುಟ್ಟುವುದಿಲ್ಲ. ಆಮೇಲೂ ಕೆಲವರು ಕೊಡುವುದು ಹೊಲಿದ ರವಿಕೆ, ಸಾಣೆ ಹಿಡಿದ ಕತ್ತರಿ. ದಿನಕ್ಕೆ ನಾಲ್ಕು ಅಂಗಡಿ, ಐದಾರು ಮೈಲಿ ನಡಿಗೆ. ಮಂಡಿಯ ಸವಕಲು ಬೇರೆ. "ಊರಿಗೆಲ್ಲ ಸ್ಟೂಲು ಹೊತ್ಕೊಂಡು ಹೋಗ್ತಾಳೆ, ಮನೇಲಿ ಕೂತಿದ್ದು ನಾನಂತೂ ಕಂಡಿಲ್ಲ" ಎಂಬುದು ಗಂಡನ ದೂರು. ಸ್ಟೂಲಿನ ಮುರಿದ ಕಾಲಿಗೆ ಬೋಲ್ಟು ಹಾಕಿಕೊಟ್ಟವರೂ ಅವರೇ.

ಲಾಂಡ್ರಿಯ ಸಂಗತಿಗೆ ಬರುತ್ತೇನೆ. ಬೀದಿಯಾಚೆಯ ನರ್ಸಿಂಗ್ ಹೋಮಿನ ಬೆಡ್‌ಶೀಟುಗಳೇ ಆ ಅತ್ತಿಗೆ ನಾದಿನಿಯರ ಅನ್ನ. ದಿನಕ್ಕೆ ಎಪ್ಪತ್ತು. ನರ್ಸಿಂಗ್ ಹೋಮಿನವರು ಹೊಸ ಅಂತಸ್ತು ಕಟ್ಟಿದರು. ಬರುವ ತಿಂಗಳಿಂದ ನೂರ ಅರವತ್ತು ಒಗೆದು ಕೊಡಬೇಕು, ಆಗದಿದ್ದರೆ ಎಲ್ಲವನ್ನೂ ದೊಡ್ಡ ಕಂಪನಿಗೆ ಕೊಡುತ್ತೇವೆ ಎಂದರು. ಕೈಯಲ್ಲಿ ಹಿಂಡಿ ನೂರ ಅರವತ್ತು ಆಗುವ ಮಾತಲ್ಲ. ಒಗೆದು ಹಿಂಡುವ ಯಂತ್ರ ಬೇಕು. ಸಿಗದಿದ್ದರೆ ಇರುವ ಎಪ್ಪತ್ತೂ ಹೋಗುತ್ತದೆ.

ಮೂರು ಮುಂಜಾನೆ ಕೂತಾದ ಮೇಲೆ ಸ್ಟೂಲಕ್ಕ ಫೈಲು ಸಿದ್ಧ ಮಾಡಿದರು. ಯಾವ ಯಂತ್ರ, ಎಷ್ಟು ನೀರು, ಒಂದು ಶೀಟು ಹಿಂಡಲು ಎಷ್ಟು ನಿಮಿಷ, ನರ್ಸಿಂಗ್ ಹೋಮಿನ ಪತ್ರ, ಎಲ್ಲ ಇತ್ತು. ಬ್ಯಾಂಕಿನ ತನಿಖೆಯವರು ಜಾಗ ನೋಡಲು ಮಧ್ಯಾಹ್ನ ಮೂರಕ್ಕೆ ಬರುವುದೆಂದಾಯಿತು. ಆ ದಿನ ಸ್ಟೂಲಕ್ಕ ಬೇರೆ ಬಡಾವಣೆಯಲ್ಲಿದ್ದರು.

ಲಾಂಡ್ರಿಯ ಯಜಮಾನಿ ಮನೆಗೆ ನೆಂಟರು ಬಂದರೆ ಮಾಡುವುದನ್ನೇ ಮಾಡಿದಳು. ಹಂಡೆ ಕವುಚಿ ಹಾಕಿದಳು. ನೆಲ ಒರೆಸಿ ಒಣಗಿಸಿದಳು. ಹಗ್ಗದ ಮೇಲಿನ ಬಟ್ಟೆಯೆಲ್ಲ ತೆಗೆದು ಬೀರುವಿನೊಳಗೆ ಇಟ್ಟಳು. ನಾದಿನಿಗೆ ಒಳ್ಳೆ ಬಟ್ಟೆ ಹಾಕಿಸಿ ಕುರ್ಚಿಯ ಮೇಲೆ ಕೂರಿಸಿದಳು. ಬಂದವರು ಸುತ್ತ ನೋಡಿದರು, ಕೊಟ್ಟ ಟೀ ಕುಡಿದರು, ಹೋದರು. ವರದಿಯಲ್ಲಿ ಒಂದೇ ಸಾಲು ಬರೆದಿದ್ದರು: ಇಲ್ಲಿ ಕೆಲಸ ನಡೆಯುತ್ತಿರುವ ಕುರುಹು ಇಲ್ಲ.

ಅರ್ಜಿ ವಾಪಸು ಬಂದ ದಿನ ಯಜಮಾನಿ ಮೆಟ್ಟಿಲು ಹತ್ತಿ ಬಂದಳು. ಅಳಲಿಲ್ಲ. "ಕೊಳೆ ಕಂಡ್ರೆ ಮರ್ಯಾದೆ ಹೋಗತ್ತೆ ಅಂದ್ಕೊಂಡೆ ಅಕ್ಕ" ಎಂದಳು, ಅಷ್ಟೇ.

"ತಪ್ಪು ನಂದು," ಎಂದರು ಸ್ಟೂಲಕ್ಕ. "ಮೂರು ಗಂಟೆಗೆ ಲಾಂಡ್ರಿ ನಿದ್ದೆ ಮಾಡ್ತಿರತ್ತೆ ಅಂತ ನಾನು ಬ್ಯಾಂಕಿಗೆ ಹೇಳಬೇಕಿತ್ತು. ನಿನಗೆ ಗುಡಿಸಬೇಡ ಅಂತಲೂ ಹೇಳಲಿಲ್ಲ." ನರ್ಸಿಂಗ್ ಹೋಮಿನ ಗಡುವಿಗೆ ಆಗ ಹನ್ನೊಂದು ದಿನ ಉಳಿದಿತ್ತು.

ಮಾರನೇ ದಿನ ಅವರು ಬ್ಯಾಂಕಿನ ಮ್ಯಾನೇಜರ ಎದುರು ಹೋಗಿ ನಿಂತರು. ಬೆಳಗಿನ ಐದಕ್ಕೆ ಇನ್ನೊಮ್ಮೆ ನೋಡಿಸಿ ಎಂದು ಕೇಳಿದರು. ಅಂಥ ಹೊತ್ತಿಗೆ ತನಿಖೆಗೆ ಹೋಗಲು ರೂಲ್ಸ್ ಇಲ್ಲ ಎಂದರು ಮ್ಯಾನೇಜರು.

"ಡಾಕ್ಟ್ರು ಹೇಳಿದ್ದಾರೆ ಅಂತ ನೀವು ದಿನಾ ವಾಕಿಂಗ್ ಹೋಗ್ತೀರಲ್ಲ ಸಾರ್. ನಮ್ಮ ಗಲ್ಲಿಯಲ್ಲಿ ಹೋಗಬಾರದು ಅಂತ ರೂಲ್ಸ್ ಇದೆಯಾ?"

ಮ್ಯಾನೇಜರು ಮುಂದಿನ ಫೈಲು ಎಳೆದುಕೊಂಡರು. ಸ್ಟೂಲಕ್ಕ ಲಾಂಡ್ರಿಯವಳಿಗೆ ಈ ಮಾತು ಹೇಳಲಿಲ್ಲ. ದಿನವೂ ಐದಕ್ಕೆ ಹೋಗಿ ಬಾಗಿಲ ಪಕ್ಕ ಕೂತರು. ಮೊದಲ ದಿನ ಯಾರೂ ಬರಲಿಲ್ಲ. ಎರಡನೇ, ಮೂರನೇ ದಿನವೂ ಇಲ್ಲ. ನಾಲ್ಕನೇ ದಿನ ಬಾಗಿಲಲ್ಲಿ ಬಿಳಿ ಶೂ ಹಾಕಿದ ಒಬ್ಬರು ನಿಂತಿದ್ದಾರೆ.

"ಯಾರಣ್ಣ, ಬಟ್ಟೆ ಕೊಡೋಕಾ? ಏಳು ಗಂಟೆ ಮೇಲೆ ಬನ್ನಿ," ಅನ್ನುತ್ತಾಳೆ ಯಜಮಾನಿ. ಮ್ಯಾನೇಜರನ್ನು ಅವಳು ಕಂಡವಳಲ್ಲ.

"ಇಲ್ಲಮ್ಮ, ಸುಮ್ನೆ ವಾಕಿಂಗು."

"ಸುಮ್ನೆ ನಡೆಯೋಷ್ಟು ಶಕ್ತಿ ಇದೆ ಅಂದ್ರೆ ಈ ತುದಿ ಸ್ವಲ್ಪ ಹಿಡ್ಕೊಳ್ಳಿ. ನಮ್ಮ ನಾದಿನಿ ಮಣಿಕಟ್ಟು ಊದ್ಕೊಂಡಿದೆ."

ಅವರು ಸ್ಟೂಲಕ್ಕನ ಮುಖ ನೋಡುತ್ತಾರೆ. ಸ್ಟೂಲಕ್ಕ ನೋಟುಪುಸ್ತಕ ನೋಡುತ್ತಾರೆ. ಮ್ಯಾನೇಜರು ತುದಿ ಹಿಡಿಯುತ್ತಾರೆ.

"ನೀವು ಆ ಕಡೆ ತಿರುಗಿಸಿ, ನಾನು ಈ ಕಡೆ. ಇಬ್ರೂ ಒಂದೇ ಕಡೆ ತಿರುಗಿಸಿದ್ರೆ ಜನ್ಮದಲ್ಲಿ ಒಣಗಲ್ಲ ಇದು."

ನಾಲ್ಕು ಶೀಟಿಗೆ ಬಿಳಿ ಶೂ ಕಂದುಬಣ್ಣಕ್ಕೆ ತಿರುಗುತ್ತದೆ. ಒಂಬತ್ತನೇ ಶೀಟಿಗೆ ಅವರ ಉಸಿರು ಕೇಳಿಸುತ್ತದೆ. ಸ್ಟೂಲಕ್ಕ ಎದ್ದು ಸ್ಟೂಲು ಸರಿಸಿಕೊಡುತ್ತಾರೆ. ಅವರು ಕೂತು ಅಂಗೈ ನೋಡಿಕೊಳ್ಳುತ್ತಾರೆ.

"ದಿನಾ ಎಷ್ಟಮ್ಮ ಇಂಥವು?"

"ಎಪ್ಪತ್ತು."

"ಎಲ್ಲಾ ಕೈಯಲ್ಲೇ?"

"ಕಾಲಲ್ಲಿ ಹಿಂಡೋಕಾಗತ್ತಾ ಅಣ್ಣ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮಲ್ಲಿ ಹಾಸಿಗೆ ಬಟ್ಟೆಗೆ ಬರ ಇಲ್ಲ, ಚಾಚೋಕೆ ಪುರುಸೊತ್ತಿಲ್ಲ."

ಆಮೇಲೆ ಅವರು ತಾವು ಯಾರೆಂದು ಹೇಳುತ್ತಾರೆ. ಅವಳ ಕೈಯ ಬೆಡ್‌ಶೀಟು ನೆಲಕ್ಕೆ ಬೀಳುತ್ತದೆ. ಅದನ್ನು ಮತ್ತೆ ಜಾಲಿಸಬೇಕಾಯಿತು.

ಅವರು ಹೋದ ಮೇಲೆ ಅವಳು ಸ್ಟೂಲಕ್ಕನ ಮೇಲೆ ತಿರುಗಿಬಿದ್ದಳು. "ಬ್ಯಾಂಕಿನವರ ಕೈಲಿ ಬಟ್ಟೆ ಹಿಂಡಿಸಿಬಿಟ್ಟೆ. ಒಂದು ಮಾತು ಹೇಳಬಾರದಿತ್ತಾ ಅಕ್ಕ?"

"ಹೇಳಿದ್ರೆ ನೀನು ಗುಡಿಸಿಬಿಡ್ತಿದ್ದೆ."

ಗಡುವಿಗೆ ಎರಡು ದಿನ ಇರುವಾಗ ಸಾಲ ಮಂಜೂರಾಯಿತು. ನರ್ಸಿಂಗ್ ಹೋಮಿನವರು ಬ್ಯಾಂಕಿನ ಪತ್ರ ನೋಡಿ, ಯಂತ್ರ ಬರಲಿ ಎಂದು ಇನ್ನೊಂದು ವಾರ ಕಾದರು. ಈಗ ಆ ಹಂಡೆಯ ಜಾಗದಲ್ಲಿ ಯಂತ್ರ ಗುಡುಗುಡು ಅನ್ನುತ್ತಿದೆ. ನಾದಿನಿಯ ಮಣಿಕಟ್ಟಿನ ಊತ ಇಳಿದಿದೆ. ಅವಳೇ ಈಗ ಯಂತ್ರದ ಗುಂಡಿ ಒತ್ತುವವಳು, ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಸ್ಟೂಲಕ್ಕ ಹದಿನೈದು ದಿನಕ್ಕೊಮ್ಮೆ ಅಲ್ಲಿ ಹೋಗಿ ಕೂತು ಬರುತ್ತಾರೆ, ಒಂದು ವರ್ಷದ ತನಕ. ಅದು ಅವರ ಪದ್ಧತಿ.

ನಿಮಗೆ ಏನಾದರೂ ಆಸೆ ಇದೆಯಾ ಎಂದು ನಾನೊಮ್ಮೆ ಕೇಳಿದೆ. "ಈ ಮೆಟ್ಟಿಲು ಹತ್ತಿದೋರು ಇನ್ನೊಂದ್ಸಲ ಹತ್ತಬಾರದು, ಅಷ್ಟೇ," ಎಂದರು. "ಅಣ್ಣ ಈಗ ಮಾತಾಡ್ತಾನೆ. ಪ್ರೆಸ್ಸಿನ ಮಾತು ಮಾತ್ರ ಎತ್ತಲ್ಲ. ನಾನೂ ಎತ್ತಲ್ಲ."

ಸ್ಟೂಲಿನ ಕ್ಯಾನ್ವಾಸು ಹರಿದಿತ್ತು. ಲಾಂಡ್ರಿಯ ಯಜಮಾನಿ ಅದನ್ನು ಒಯ್ದು, ನರ್ಸಿಂಗ್ ಹೋಮಿನವರು ಬೇಡವೆಂದ ಬೆಡ್‌ಶೀಟನ್ನು ನಾಲ್ಕು ಪದರ ಮಡಿಚಿ, ಹೊಲಿದು, ವಾಪಸು ತಂದಳು. ಗಟ್ಟಿ ಇದೆಯೋ ಇಲ್ಲವೋ ನೋಡಲು ಮೆಟ್ಟಿಲ ಬುಡದಲ್ಲಿ ಬಿಡಿಸಿ ತಾನೇ ಒಮ್ಮೆ ಕೂತಳು. ಕತ್ತೆತ್ತಿ ನನ್ನನ್ನು ನೋಡಿದಳು, ಪಕ್ಕದಲ್ಲಿ ನಿಂತಿದ್ದ ಸ್ಟೂಲಕ್ಕನನ್ನು ನೋಡಿದಳು.

"ಇಷ್ಟು ಕೆಳಗೆ ಕೂತು ನೋಡ್ತಿದ್ರಾ ಅಕ್ಕ ನೀವು? ಇಲ್ಲಿಂದ ಎಲ್ಲರೂ ಎತ್ತರ ಕಾಣಿಸ್ತಾರಲ್ಲ."

"ಅದಕ್ಕೇ ಕುರ್ಚಿ ತಗೊಳ್ಳಲಿಲ್ಲ," ಎಂದರು ಸ್ಟೂಲಕ್ಕ.

ಅವಳು ಎದ್ದು, ಸ್ಟೂಲು ಮಡಿಚಿ ಅವರ ಕೈಗೆ ಕೊಟ್ಟು ಹೊರಟಳು. ಆಮೇಲೆ ಅವಳಿಗೆ ಈ ಮೆಟ್ಟಿಲು ಹತ್ತುವ ಅಗತ್ಯ ಬಿದ್ದಿಲ್ಲ.